ಐವಿಎಫ್ ಚಿಕಿತ್ಸೆ ಮತ್ತು ನಮ್ಮ ರೋಗನಿರೋಧಕ ಕಣಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹನ್ನೊಂದು ವರ್ಷ ಲ್ಯಾಬ್‌ನಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತು ಬೇರೆಯವರ ಬಿಳಿ ರಕ್ತಕಣ ಎಣಿಸಿದ್ದೇನೆ. ಆಮೇಲೆ ಐವಿಎಫ್‌ಗಾಗಿ, ಅಂದರೆ ಅಂಡಾಣು-ವೀರ್ಯವನ್ನು ದೇಹದ ಹೊರಗೆ ಸೇರಿಸಿ ಭ್ರೂಣ ಮಾಡುವ ಚಿಕಿತ್ಸೆಗಾಗಿ, ನನ್ನ ರಕ್ತವನ್ನೂ ಟ್ಯೂಬ್‌ಗೆ ಕೊಡುವ ದಿನ ಬಂತು. ಎರಡನೇ ಟ್ರಾನ್ಸ್‌ಫರ್, ಅಂದರೆ ಭ್ರೂಣವನ್ನು ಗರ್ಭಕೋಶಕ್ಕೆ ಇಡುವುದು, ಫೇಲ್ ಆದಾಗ ಒಬ್ಬರು ನನ್ನ ಮುಂದೆ ರಿಪೋರ್ಟ್ ಇಟ್ಟು, "ನಿಮ್ಮ ಇಮ್ಯೂನಿಟಿನೇ ನಿಮ್ಮ ಮಗುವನ್ನ ಸಾಯಿಸ್ತಿದೆ" ಎಂದರು. ಆ ಮಾತು ತಿಂಗಳುಗಟ್ಟಲೆ ನನ್ನನ್ನು ತಿಂದಿತು. ಆಗ ಓದಲು ಶುರು ಮಾಡಿದೆ. ಈಗ ಅದೇ ದಾರಿಯಲ್ಲಿರುವ ಹೆಣ್ಣುಮಕ್ಕಳು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧಿ ಶುರು ಮಾಡುವುದು, ನಿಲ್ಲಿಸುವುದು ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿಯೇ ಆಗಬೇಕು.

ನನ್ನ ದೇಹವೇ ಭ್ರೂಣವನ್ನು ಹೊರಗೆ ಹಾಕುತ್ತಿದೆ ಅಂತಾರೆ. ನಿಜಾನಾ?

ಈ ಯೋಚನೆ ಎಲ್ಲಿಂದ ಬಂತು ಅಂತ ಮೊದಲು ಹೇಳುತ್ತೇನೆ. ಮಗುವಿನಲ್ಲಿ ಅರ್ಧ ಅಮ್ಮನ ಅಂಶ, ಅರ್ಧ ಅಪ್ಪನ ಅಂಶ. ಬೇರೆಯವರ ಕಿಡ್ನಿ ಹಾಕಿದರೆ ದೇಹ ಒಪ್ಪುವುದಿಲ್ಲ. ಹಾಗಾದರೆ ಅರ್ಧ ಹೊರಗಿನದಾದ ಮಗುವನ್ನು ಒಂಬತ್ತು ತಿಂಗಳು ಹೇಗೆ ಇಟ್ಟುಕೊಳ್ಳುತ್ತದೆ? ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡಾವರ್ 1953ರಲ್ಲಿ ಈ ಪ್ರಶ್ನೆ ಎತ್ತಿದರು. ಅಂಗಾಂಗ ಕಸಿ ಬಗ್ಗೆ ಮಾಡಿದ ಕೆಲಸಕ್ಕೆ ಅವರಿಗೆ 1960ರಲ್ಲಿ ನೊಬೆಲ್ ಬಂತು. ಅವರ ಪ್ರಶ್ನೆ ಬಹಳ ಒಳ್ಳೆಯದೇ. ಆದರೆ ಅದರಿಂದ ಜನರ ತಲೆಯಲ್ಲಿ ಒಂದು ಚಿತ್ರ ಕೂತುಬಿಟ್ಟಿತು: ಗರ್ಭ ಅಂದರೆ ಒಂದು ಯುದ್ಧ, ಅಮ್ಮನ ಇಮ್ಯೂನಿಟಿಯನ್ನು ಅದುಮಿಟ್ಟರೆ ಮಾತ್ರ ಮಗು ಉಳಿಯುತ್ತದೆ ಅಂತ.

ಕಿಡ್ನಿ ಕಸಿಗೂ ಗರ್ಭಕ್ಕೂ ಬಹಳ ವ್ಯತ್ಯಾಸ ಇದೆ ಅಂತ ಆಮೇಲೆ ಗೊತ್ತಾಯಿತು. ಅಮ್ಮನಿಗೆ ತಾಗುವ ಪ್ಲಾಸೆಂಟಾದ (ಮಾಸಿನ) ಕಣಗಳು, ದೇಹ ಸಾಮಾನ್ಯವಾಗಿ ಹೊರಗಿನವರನ್ನು ಗುರುತಿಸುವ ಗುರುತುಗಳಲ್ಲಿ ಹೆಚ್ಚಿನವನ್ನು ತೋರಿಸುವುದೇ ಇಲ್ಲ. ಬದಲಿಗೆ ಎಚ್‌ಎಲ್‌ಎ-ಜಿ ಎಂಬ ಬೇರೆ ಗುರುತು ತೋರಿಸುತ್ತವೆ. ಅಮ್ಮನ ಕಣಗಳು ಅದನ್ನು ನೋಡಿ ಸುಮ್ಮನಾಗುತ್ತವೆ, ಕೆಲವು ಕೆಲಸಕ್ಕೂ ಕೈಜೋಡಿಸುತ್ತವೆ.

ಐವಿಎಫ್ ಫೇಲ್ ಆಗಲು ತುಂಬಾ ಸಾಮಾನ್ಯ ಕಾರಣ ಭ್ರೂಣದ ಕ್ರೋಮೋಸೋಮ್ ಎಣಿಕೆ ತಪ್ಪಿರುವುದು. ವಯಸ್ಸು ಏರಿದಂತೆ ಇದು ಜಾಸ್ತಿ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲೂ ಸುಮಾರು ಅರ್ಧದಷ್ಟಕ್ಕೆ ಇದೇ ಕಾರಣ. ಇದರಲ್ಲಿ ನೀವು ತಿಂದದ್ದು, ಮಾಡಿದ್ದು, ಯೋಚಿಸಿದ್ದು ಯಾವುದೂ ಬರುವುದಿಲ್ಲ.

ಆದರೂ ಎನ್‌ಕೆ ಕಣದ ಹೆಸರಲ್ಲೇ ಕಿಲ್ಲರ್ ಅಂತ ಇದೆಯಲ್ಲ?

ಇದೆ. ನ್ಯಾಚುರಲ್ ಕಿಲ್ಲರ್ ಅಂತ. ವೈರಸ್ ಹೊಕ್ಕ ಕಣಗಳನ್ನೂ ಕ್ಯಾನ್ಸರ್ ಕಣಗಳನ್ನೂ ಕೊಲ್ಲುವ ರಕ್ತದ ಕಣಗಳಿಗೆ 1970ರ ದಶಕದಲ್ಲಿ ಇಟ್ಟ ಹೆಸರು ಅದು. ಆಮೇಲೆ ಗರ್ಭಕೋಶದ ಒಳಪದರದಲ್ಲೂ ಇದೇ ಜಾತಿಯ ಕಣಗಳು ಸಿಕ್ಕವು. ಅವಕ್ಕೂ ಅದೇ ಹೆಸರು ಅಂಟಿಕೊಂಡಿತು. ನನ್ನ ಮಟ್ಟಿಗೆ, ಈ ಹೆಸರು ಹೆಣ್ಣುಮಕ್ಕಳಿಗೆ ಮಾಡಿದಷ್ಟು ನೋವನ್ನು ಕಣ ಮಾಡಿಲ್ಲ.

ಎರಡೂ ಅಕ್ಕ-ತಂಗಿ ಅಂದುಕೊಳ್ಳಿ. ಸ್ವಭಾವ ಬೇರೆ ಬೇರೆ. ರಕ್ತದ ಎನ್‌ಕೆ ಕಣಗಳಲ್ಲಿ ಹತ್ತರಲ್ಲಿ ಒಂಬತ್ತು ಕೊಲ್ಲುವುದರಲ್ಲಿ ನಿಪುಣ. ಅವುಗಳ ಮೈಮೇಲೆ ಸಿಡಿ16 ಎಂಬ ಗುರುತು ಇರುತ್ತದೆ. ಗರ್ಭಕೋಶದ ಎನ್‌ಕೆ ಕಣಗಳಲ್ಲಿ ಆ ಗುರುತು ಇರುವುದೇ ಅಪರೂಪ, ಸಿಡಿ56 ಎಂಬ ಇನ್ನೊಂದು ಗುರುತು ಮಾತ್ರ ಜೋರಾಗಿ ಕಾಣುತ್ತದೆ. ಇವು ಕೊಲ್ಲುವುದರಲ್ಲಿ ಬಹಳ ಮಂದ.

ಇವು ಏನು ಮಾಡುತ್ತವೆ ಗೊತ್ತಾ? ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಹಾರ್ಮೋನ್ ಏರುತ್ತದೆ. ಒಳಪದರದ ಕಣಗಳು ಐಎಲ್-15 ಎಂಬ ಸಂದೇಶ ಹೊರಡಿಸುತ್ತವೆ. ಎನ್‌ಕೆ ಕಣಗಳು ಹೆಚ್ಚುತ್ತಾ ಹೋಗುತ್ತವೆ. ಗರ್ಭ ನಿಲ್ಲದಿದ್ದರೆ ಮುಟ್ಟಿನ ಜೊತೆ ಹೊರಟುಹೋಗುತ್ತವೆ. ಗರ್ಭ ನಿಂತರೆ ಇನ್ನೂ ಹೆಚ್ಚುತ್ತವೆ. ಮೊದಲ ಮೂರು ತಿಂಗಳಲ್ಲಿ ಒಳಪದರದ ಬಿಳಿ ರಕ್ತಕಣಗಳಲ್ಲಿ ಸುಮಾರು ಶೇ 70 ಇವೇ. ಎಲ್ಲರ ಗರ್ಭದಲ್ಲೂ ಹೀಗೇ, ಆರಾಮಾಗಿ ಹೆತ್ತವರಲ್ಲೂ ಹೀಗೇ.

ಇವುಗಳ ದೊಡ್ಡ ಕೆಲಸ ರಕ್ತನಾಳ ಅಗಲ ಮಾಡುವುದು. ಗರ್ಭಕೋಶಕ್ಕೆ ರಕ್ತ ತರುವ ಸಣ್ಣ ನಾಳಗಳು ಸುರುಳಿಯಾಗಿ, ಕಿರಿದಾಗಿ ಇರುತ್ತವೆ. ಮಗುವಿಗೆ ಅಷ್ಟು ರಕ್ತ ಸಾಲದು. ಎನ್‌ಕೆ ಕಣಗಳೂ ಪ್ಲಾಸೆಂಟಾದ ಕಣಗಳೂ ಸೇರಿ ಆ ನಾಳಗಳ ಗೋಡೆಯನ್ನು ಸಡಿಲ ಮಾಡುತ್ತವೆ. ಕಿರು ಕಾಲುವೆಯನ್ನು ಅಗಲಿಸಿ ಹೊಲಕ್ಕೆ ನೀರು ಬಿಟ್ಟ ಹಾಗೆ. ಎನ್‌ಕೆ ಕಣ ಇಲ್ಲದ ಇಲಿಗಳಲ್ಲಿ ಈ ನಾಳಗಳು ಸರಿಯಾಗಿ ಅಗಲವಾಗುವುದಿಲ್ಲ. ಮನುಷ್ಯರಲ್ಲಿ ಕೇಂಬ್ರಿಡ್ಜ್‌ನ ಆಶ್ಲಿ ಮಾಫೆಟ್ ಮತ್ತು ಅವರ ತಂಡ 2004ರಲ್ಲಿ ಇನ್ನೊಂದು ವಿಷಯ ತೋರಿಸಿದರು. ಅಮ್ಮನ ಎನ್‌ಕೆ ಕಣಗಳ ಬಗೆ ಮತ್ತು ಮಗುವಿನ ಎಚ್‌ಎಲ್‌ಎ-ಸಿ ಗುರುತು ಒಂದು ರೀತಿಯಲ್ಲಿ ಸೇರಿದಾಗ ಆ ಕಣಗಳು ತೀರಾ ಸುಮ್ಮನಾಗಿಬಿಡುತ್ತವೆ. ಅಂಥವರಲ್ಲಿ ಪ್ರಿಎಕ್ಲಾಂಪ್ಸಿಯಾ, ಅಂದರೆ ಬಿಪಿ ಏರುವ ಆ ಅಪಾಯ, ಜಾಸ್ತಿ ಕಂಡಿತು. ಕಣ ಜೋರಾಗಿದ್ದರೆ ತೊಂದರೆ ಅಂತ ನಮಗೆ ಹೇಳುತ್ತಾರೆ. ಇಲ್ಲಿ ನೋಡಿದರೆ ಸುಮ್ಮನಿದ್ದಾಗಲೇ ತೊಂದರೆ. ಇದನ್ನು ಓದಿದ ದಿನ ನನ್ನ ಎದೆಯ ಭಾರ ಇಳಿಯಿತು.

ರಕ್ತದಲ್ಲಿ ಎನ್‌ಕೆ ಶೇ 18 ಬಂದಿದೆ. ಹೆದರಬೇಕಾ?

ಹೆದರಬೇಡಿ. ರಕ್ತದ ಲಿಂಫೋಸೈಟ್ ಎಂಬ ಬಗೆಯ ಬಿಳಿ ಕಣಗಳಲ್ಲಿ ಎನ್‌ಕೆ ಸಾಮಾನ್ಯವಾಗಿ ಶೇ 5ರಿಂದ 15ರ ಆಸುಪಾಸು ಇರುತ್ತದೆ. ಆದರೆ ಈ ಗಡಿ ಲ್ಯಾಬ್‌ನಿಂದ ಲ್ಯಾಬ್‌ಗೆ ಬದಲಾಗುತ್ತದೆ. ಆರೋಗ್ಯವಾಗಿರುವ ಎಷ್ಟೋ ಜನರಲ್ಲಿ ಇದಕ್ಕಿಂತ ಮೇಲೂ ಇರುತ್ತದೆ.

ಲ್ಯಾಬ್‌ನಲ್ಲಿ ಕೆಲಸ ಮಾಡಿದವಳಾಗಿ ಒಂದು ಮಾತು ಹೇಳುತ್ತೇನೆ. ಎನ್‌ಕೆ ಕಣದಷ್ಟು ಬೇಗ ಏರಿಳಿಯುವ ಕಣ ಕಡಿಮೆ. ಮೆಟ್ಟಿಲು ಹತ್ತಿ ಓಡಿ ಬಂದು ರಕ್ತ ಕೊಟ್ಟರೂ ಏರುತ್ತದೆ. ಸೂಜಿ ನೋಡಿ ಗಾಬರಿಯಾದರೂ ಏರುತ್ತದೆ. ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ. ಬಸ್ಸು ತಪ್ಪಿಸಿಕೊಂಡು, ಆಫೀಸಿಗೆ ಸುಳ್ಳು ಹೇಳಿ, ಎರಡು ಸಲ ಫೇಲ್ ಆದ ನೋವು ಹೊತ್ತು ಬಂದ ಹೆಂಗಸಿನ ತೋಳಿಗೆ ಸೂಜಿ ಚುಚ್ಚಿದರೆ ಅಂಕಿ ಸ್ವಲ್ಪ ಮೇಲೇ ಇರಬಹುದು, ಅಲ್ವಾ?

ಇನ್ನೂ ದೊಡ್ಡ ತೊಡಕು ಏನೆಂದರೆ, ತೋಳಿನ ರಕ್ತದ ಎನ್‌ಕೆ ಬೇರೆ, ಗರ್ಭಕೋಶದ ಎನ್‌ಕೆ ಬೇರೆ. ಒಂದನ್ನು ಎಣಿಸಿ ಇನ್ನೊಂದರ ಬಗ್ಗೆ ಹೇಳಲು ಆಗುವುದಿಲ್ಲ.

ಹಾಗಾದರೆ ಒಳಪದರದ ಬಯಾಪ್ಸಿ (ಚೂರು ತೆಗೆದು ನೋಡುವುದು) ಮಾಡಿಸಿ ಎಣಿಸಿದರೆ?

ಜಾಗ ಸರಿ ಆಯಿತು, ಆದರೆ ದಿನದ ತೊಂದರೆ ಇದೆ. ಅಂಡಾಣು ಬಿಟ್ಟ ಮೇಲೆ ಈ ಕಣಗಳು ದಿನದಿಂದ ದಿನಕ್ಕೆ ಹೆಚ್ಚುತ್ತವೆ. ಎರಡು ದಿನ ಆಚೀಚೆ ತೆಗೆದರೆ ಲೆಕ್ಕವೇ ಬೇರೆ. ಎಷ್ಟಿದ್ದರೆ ಜಾಸ್ತಿ ಅಂತ ಎಲ್ಲರೂ ಒಪ್ಪಿದ ಗಡಿಯೂ ಇಲ್ಲ. ಅಂಕಿ ಸಿಕ್ಕ ಮೇಲೆ ಯಾವ ಔಷಧಿ ಕೊಟ್ಟರೆ ಮಗು ಕೈಗೆ ಬರುತ್ತದೆ ಎಂಬುದಕ್ಕೂ ಗಟ್ಟಿ ಪುರಾವೆ ಇಲ್ಲ. ಯುರೋಪಿನ ಬಂಜೆತನ ಚಿಕಿತ್ಸಾ ತಜ್ಞರ ಸಂಘ ಎಶ್ರೆ 2023ರಲ್ಲಿ ಇಂಥ ಹೆಚ್ಚುವರಿ ಪರೀಕ್ಷೆಗಳ ಬಗ್ಗೆ ಸಲಹೆ ಹೊರಡಿಸಿತು. ಎನ್‌ಕೆ ಪರೀಕ್ಷೆಯನ್ನು ಎಲ್ಲರಿಗೂ ಮಾಡುವುದು ಬೇಡ ಅಂತಲೇ ಅದರಲ್ಲಿದೆ.

ಅಂಡಾಣು ಬೆಳೆಸುವ ಇಂಜೆಕ್ಷನ್ ತಗೊಳ್ಳುವಾಗ ಬಿಳಿ ರಕ್ತಕಣ ಏರಿದೆ. ಸೋಂಕಾ?

ಇರಲೇಬೇಕೆಂದಿಲ್ಲ. ಸಾಮಾನ್ಯ ತಿಂಗಳಲ್ಲಿ ಒಂದೇ ಒಂದು ಫಾಲಿಕಲ್ (ಅಂಡಾಣು ಇರುವ ಪುಟ್ಟ ಚೀಲ) ಬೆಳೆಯುತ್ತದೆ. ಈ ಚಿಕಿತ್ಸೆಯಲ್ಲಿ ಹತ್ತು ಹದಿನೈದು ಬೆಳೆಯುತ್ತವೆ. ಈಸ್ಟ್ರೊಜನ್ ಹಲವು ಪಟ್ಟು ಏರುತ್ತದೆ. ಆಗ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಏರುವುದು ಸಹಜ. ಬಸುರಿಯರಲ್ಲೂ ಹೀಗೇ ಏರುತ್ತವೆ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಅಂಡಾಣು ಹೊರಬರುವುದೇ ಒಂದು ಪುಟ್ಟ ಉರಿಯೂತದಿಂದ. ಅಂಡಾಣು ಹಣ್ಣಾಗಲು ಕೊನೆಗೆ ಕೊಡುವ ಟ್ರಿಗರ್ ಇಂಜೆಕ್ಷನ್ ಆದ ಮೇಲೆ ಬಿಳಿ ರಕ್ತಕಣಗಳು ಫಾಲಿಕಲ್ ಗೋಡೆಗೆ ಬಂದು ಸೇರುತ್ತವೆ. ಗೋಡೆಯನ್ನು ಮೆತ್ತಗೆ ಮಾಡಲು ನೆರವಾಗುತ್ತವೆ. ಆಮೇಲೆ ಅದೇ ಜಾಗದಲ್ಲಿ ಪ್ರೊಜೆಸ್ಟರಾನ್ ತಯಾರಿಸುವ ಹಳದಿ ಗಂಟು ಕಟ್ಟಲೂ ಅವು ಬೇಕು. ನೋವಿನ ಮಾತ್ರೆಗಳಲ್ಲಿ ಐಬುಪ್ರೊಫೇನ್, ಡೈಕ್ಲೊಫೆನಾಕ್ ಥರದವನ್ನು ಈ ದಿನಗಳಲ್ಲಿ ಕೇಳದೆ ನುಂಗಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಆದರೆ ಎಚ್ಚರ ಬೇಕಾದ ಜಾಗವೂ ಇದೆ. ಅಂಡಾಶಯ ಅತಿಯಾಗಿ ಉಬ್ಬಿದರೆ ರಕ್ತನಾಳಗಳಿಂದ ನೀರು ಹೊಟ್ಟೆಗೆ ಸೋರುತ್ತದೆ. ಇದಕ್ಕೆ ಒಎಚ್‌ಎಸ್‌ಎಸ್ ಅನ್ನುತ್ತಾರೆ. ರಕ್ತ ಗಟ್ಟಿಯಾಗುತ್ತದೆ, ಬಿಳಿ ರಕ್ತಕಣ 15,000 ದಾಟಬಹುದು. ಒಂದೇ ದಿನದಲ್ಲಿ ಒಂದು ಕೆಜಿ ತೂಕ ಏರಿದರೆ, ಹೊಟ್ಟೆ ಬಿಗಿದುಕೊಂಡರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದಂತಾದರೆ ಬೆಳಗಾಗಲಿ ಅಂತ ಕಾಯಬೇಡಿ. ಎಗ್ ಪಿಕಪ್ (ಅಂಡಾಣು ಹೊರತೆಗೆಯುವುದು) ಆದ ಮೇಲೆ ಚಳಿ ಜ್ವರ ಬಂದರೂ ಅಷ್ಟೇ, ಆಗ ಸೋಂಕು ಇದೆಯಾ ಅಂತ ನೋಡಲೇಬೇಕು.

ಟಿ-ರೆಗ್ ಅಂತ ರಿಪೋರ್ಟ್‌ನಲ್ಲಿ ಬರೆದಿದ್ದಾರೆ. ಅದೇನು?

ಮನೆಯಲ್ಲಿ ಜಗಳ ಶುರುವಾದಾಗ "ಸಾಕು ಬಿಡ್ರೋ" ಅನ್ನುವ ಹಿರಿಯರು ಇರುತ್ತಾರಲ್ಲ, ಹಾಗೆ. ಬೇರೆ ರೋಗನಿರೋಧಕ ಕಣಗಳನ್ನು ಸಮಾಧಾನ ಮಾಡುವ ಕಣಗಳು ಇವು. ಇವನ್ನು ಗುರುತಿಸಿ ಅರ್ಥ ಮಾಡಿಸಿದ್ದಕ್ಕೆ ಜಪಾನಿನ ಶಿಮೊನ್ ಸಕಗುಚಿ, ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ವೈದ್ಯಕೀಯ ನೊಬೆಲ್ ಬಂತು. ಈ ಕಣಗಳಿಲ್ಲದ ಇಲಿಗಳಲ್ಲಿ ಗರ್ಭ ಉಳಿಯುವುದು ಕಷ್ಟ ಅಂತ 2004ರಲ್ಲೇ ಕಂಡಿತ್ತು. ಗಂಡನ ವೀರ್ಯದ ದ್ರವವೂ ಇವುಗಳನ್ನು ಎಚ್ಚರಿಸುತ್ತದೆ ಎಂದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಸಾರಾ ರಾಬರ್ಟ್‌ಸನ್ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಇದು ಆಸಕ್ತಿಯ ವಿಜ್ಞಾನ. ಆದರೆ ರಕ್ತದ ಟಿ-ರೆಗ್ ಅಂಕಿ ನೋಡಿ ಚಿಕಿತ್ಸೆ ಬದಲಿಸುವ ಹಂತಕ್ಕೆ ಇನ್ನೂ ಬಂದಿಲ್ಲ.

ಟ್ರಾನ್ಸ್‌ಫರ್ ಜೊತೆ ಸ್ಟೆರಾಯ್ಡ್ ಮಾತ್ರೆ ಕೊಟ್ಟಿದ್ದಾರೆ. ಕೆಲಸ ಮಾಡುತ್ತಾ?

ಇದಕ್ಕೆ ನೇರ ಉತ್ತರ ಇದೆ. ಎರಡು ಅಥವಾ ಹೆಚ್ಚು ಸಲ ಟ್ರಾನ್ಸ್‌ಫರ್ ಫೇಲ್ ಆದ 715 ಹೆಣ್ಣುಮಕ್ಕಳ ಮೇಲೆ ಚೀನಾದಲ್ಲಿ ನಡೆದ ಪ್ರಯೋಗದ ಫಲ 2023ರಲ್ಲಿ ಹೊರಬಂತು. ಅರ್ಧದಷ್ಟು ಜನರಿಗೆ ದಿನಕ್ಕೆ 10 ಮಿಲಿಗ್ರಾಂ ಪ್ರೆಡ್ನಿಸೋನ್, ಉಳಿದವರಿಗೆ ಅದೇ ಥರ ಕಾಣುವ ಸಾದಾ ಮಾತ್ರೆ. ಮಗು ಕೈಗೆ ಬಂದಿದ್ದು ಸ್ಟೆರಾಯ್ಡ್ ತಗೊಂಡವರಲ್ಲಿ ಶೇ 37.8, ಸಾದಾ ಮಾತ್ರೆಯವರಲ್ಲಿ ಶೇ 38.8. ಲಾಭ ಏನೂ ಇಲ್ಲ. ಸ್ಟೆರಾಯ್ಡ್ ತಗೊಂಡವರಲ್ಲಿ ಬೀಟಾ (ಗರ್ಭ ನಿಂತಿದೆಯಾ ಅಂತ ನೋಡುವ ರಕ್ತಪರೀಕ್ಷೆ) ಪಾಸಿಟಿವ್ ಬಂದು ಗರ್ಭ ಹೋಗಿಬಿಡುವುದು ಮತ್ತು ಅವಧಿಗೆ ಮುಂಚೆ ಹೆರಿಗೆ ಜಾಸ್ತಿ ಕಂಡವು.

ಆದರೆ ನಿಮಗೆ ಲೂಪಸ್ ಅಥವಾ ಅಂಥದೇ, ರೋಗನಿರೋಧಕ ಕಣಗಳು ನಮ್ಮ ಮೈಮೇಲೇ ಎರಗುವ ಆಟೊಇಮ್ಯೂನ್ ಕಾಯಿಲೆ ಇದ್ದು ಅದಕ್ಕೆ ಸ್ಟೆರಾಯ್ಡ್ ನಡೆಯುತ್ತಿದ್ದರೆ ಈ ಲೆಕ್ಕ ನಿಮಗಲ್ಲ. ಮತ್ತು ಯಾರೇ ಆಗಲಿ, ಕೆಲವು ವಾರ ತಗೊಂಡ ಸ್ಟೆರಾಯ್ಡ್ ಅನ್ನು ಇದನ್ನು ಓದಿ ದಿಢೀರನೆ ನಿಲ್ಲಿಸಬೇಡಿ. ನಿಧಾನವಾಗಿ ಇಳಿಸಬೇಕು.

ಇಂಟ್ರಾಲಿಪಿಡ್ ಡ್ರಿಪ್? ಐವಿಐಜಿ? ಗಂಡನ ರಕ್ತದಿಂದ ಮಾಡುವ ಇಂಜೆಕ್ಷನ್?

ಇಂಟ್ರಾಲಿಪಿಡ್ ಅಂದರೆ ಸೋಯಾ ಎಣ್ಣೆ, ಮೊಟ್ಟೆಯ ಕೊಬ್ಬಿನಂಶ, ಗ್ಲಿಸರಿನ್ ಸೇರಿಸಿದ ಹಾಲಿನ ಬಣ್ಣದ ದ್ರವ. ಬಾಯಿಯಿಂದ ಊಟ ಮಾಡಲಾಗದ ರೋಗಿಗಳಿಗೆಂದು ತಯಾರಾದದ್ದು. ಐವಿಐಜಿ ಸಾವಿರಾರು ದಾನಿಗಳ ರಕ್ತದಿಂದ ತೆಗೆದ ಆ್ಯಂಟಿಬಾಡಿ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಪ್ರೋಟೀನ್. ಬೇರೆ ಕಾಯಿಲೆಗಳಲ್ಲಿ ಜೀವ ಉಳಿಸುತ್ತದೆ. ಬೆಲೆ ಬಹಳ. ಎರಡನ್ನೂ ಐವಿಎಫ್‌ಗೆ ಮಾಮೂಲಾಗಿ ಬಳಸಬೇಡಿ ಎಂಬುದು ಎಶ್ರೆ ಸಲಹೆ.

ಗಂಡನ ಬಿಳಿ ರಕ್ತಕಣ ತೆಗೆದು ಹೆಂಡತಿಗೆ ಚುಚ್ಚುವುದಕ್ಕೆ ಎಲ್‌ಐಟಿ ಅನ್ನುತ್ತಾರೆ. ಇದರ ಬಗ್ಗೆ ನನ್ನ ಮಾತು ಸ್ವಲ್ಪ ಖಾರವಾಗಿಯೇ ಇರುತ್ತದೆ. 1999ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ ಇದರಿಂದ ಲಾಭ ಕಾಣಲಿಲ್ಲ. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ, ಅನುಮತಿ ಪಡೆದ ಸಂಶೋಧನೆಯ ಹೊರಗೆ ಇದನ್ನು ಮಾಡಬೇಡಿ ಎಂದು ಪತ್ರ ಬರೆಯಿತು. ಬೇರೆಯವರ ಕಣ ಮೈಗೆ ಸೇರಿದರೆ ಸೋಂಕಿನ ಭಯ ಇದೆ, ರಕ್ತದಲ್ಲಿ ಬೇಡದ ಆ್ಯಂಟಿಬಾಡಿ ಹುಟ್ಟುವ ಭಯವೂ ಇದೆ. ಇಷ್ಟು ವರ್ಷಗಳ ನಂತರವೂ ಯಾರಾದರೂ ಒಡವೆ ಅಡವಿಟ್ಟು ಇದನ್ನು ಮಾಡಿಸಿದೆ ಅಂದಾಗ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಇಮ್ಯೂನ್ ಪರೀಕ್ಷೆ ಯಾವುದೂ ಬೇಡವಾ?

ಬೇಕು. ಕೆಲವು ನಿಜವಾಗಿ ಬೇಕು. ಚಿಕಿತ್ಸೆ ಇರುವ ಕಾಯಿಲೆಗಳವು ಅವು.

ಪದೇ ಪದೇ ಗರ್ಭಪಾತ ಆಗಿದ್ದರೆ ರಕ್ತ ಹೆಪ್ಪುಗಟ್ಟಿಸುವ ಆ್ಯಂಟಿಫಾಸ್ಫೊಲಿಪಿಡ್ ಆ್ಯಂಟಿಬಾಡಿಗಳನ್ನು ನೋಡಿಸಿ. ಲೂಪಸ್ ಆ್ಯಂಟಿಕೋಆಗ್ಯುಲಂಟ್, ಆ್ಯಂಟಿಕಾರ್ಡಿಯೊಲಿಪಿನ್, ಬೀಟಾ-2 ಗ್ಲೈಕೊಪ್ರೊಟೀನ್ ಎಂದು ಮೂರು. ಒಮ್ಮೆ ಪಾಸಿಟಿವ್ ಬಂದರೆ ಸಾಲದು, 12 ವಾರ ಬಿಟ್ಟು ಮತ್ತೆ ನೋಡಬೇಕು. ಸಾಮಾನ್ಯ ನೆಗಡಿ ಜ್ವರದ ನಂತರವೂ ಇದು ಸುಮ್ನೆ ಪಾಸಿಟಿವ್ ಬರಬಹುದು. ಎರಡು ಸಲವೂ ಬಂದರೆ ಆಸ್ಪಿರಿನ್ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡುತ್ತಾರೆ. ಹೀಗೆ ಗರ್ಭ ಹೋಗುತ್ತಿದ್ದವರ ಮೇಲೆ ಲಂಡನ್‌ನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಸ್ಪಿರಿನ್ ಒಂದೇ ತಗೊಂಡವರಲ್ಲಿ ಶೇ 42 ಮಂದಿಗೆ ಮಗುವಾಯಿತು, ಹೆಪಾರಿನ್ ಸೇರಿಸಿದಾಗ ಶೇ 71.

ಥೈರಾಯ್ಡ್ ನೋಡಿಸಿ. ಥೈರಾಯ್ಡ್‌ಗೆ ಕೆಲಸ ಹೇಳುವ ಹಾರ್ಮೋನ್ ಟಿಎಸ್‌ಎಚ್ ಮುಖ್ಯ. ಥೈರಾಯ್ಡ್ ವಿರುದ್ಧ ಹುಟ್ಟುವ ಟಿಪಿಒ ಆ್ಯಂಟಿಬಾಡಿ ಪಾಸಿಟಿವ್ ಇದ್ದು ಥೈರಾಯ್ಡ್ ಸರಿಯಾಗಿಯೇ ಕೆಲಸ ಮಾಡುತ್ತಿದ್ದರೆ, ಮಾತ್ರೆಯಿಂದ ಮಗು ಪಡೆಯುವ ಅವಕಾಶ ಹೆಚ್ಚಲಿಲ್ಲ ಅಂತ ಬ್ರಿಟನ್ನಿನ 2019ರ ಪ್ರಯೋಗ ತೋರಿಸಿತು. ಟಿಎಸ್‌ಎಚ್ ಏರಿದರೆ ಮಾತ್ರೆ ಬೇಕೇ ಬೇಕು.

ಮೂರನೆಯದು ಒಳಪದರದ ಹಳೇ ಉರಿಯೂತ. ಪ್ಲಾಸ್ಮಾ ಕಣಗಳು ಎಂಬ ರೋಗನಿರೋಧಕ ಕಣಗಳು ಅಲ್ಲಿ ಬೀಡುಬಿಟ್ಟಿರುತ್ತವೆ. ಅವುಗಳ ಸಿಡಿ138 ಎಂಬ ಗುರುತಿಗೆ ಬಣ್ಣ ಹಚ್ಚಿ ಬಯಾಪ್ಸಿಯಲ್ಲಿ ಹುಡುಕುತ್ತಾರೆ. ಪದೇ ಪದೇ ಫೇಲ್ ಆದವರಲ್ಲಿ ಇದನ್ನು ನೋಡುವುದಕ್ಕೆ ಅರ್ಥ ಇದೆ. ಇದ್ದರೆ ಆ್ಯಂಟಿಬಯೋಟಿಕ್ ಕೋರ್ಸ್.

ನಮ್ಮ ದೇಶದಲ್ಲಿ ಇನ್ನೊಂದನ್ನು ಮರೆಯಬಾರದು. ಗರ್ಭಕೋಶದ ಟಿಬಿ.

ಟಿಬಿ ಅಂದ್ರೆ ಕೆಮ್ಮು ಅಲ್ವಾ? ಗರ್ಭಕೋಶಕ್ಕೂ ಬರುತ್ತಾ?

ಬರುತ್ತದೆ. ಶ್ವಾಸಕೋಶದಿಂದ ರಕ್ತದ ಮೂಲಕ ಹೋಗಿ ಮೊದಲು ಗರ್ಭನಾಳಗಳಲ್ಲಿ ಕೂರುತ್ತದೆ. ಆಮೇಲೆ ಒಳಪದರಕ್ಕೆ ಇಳಿಯುತ್ತದೆ. ಕೆಮ್ಮು ಇಲ್ಲ, ಜ್ವರ ಇಲ್ಲ, ಎಷ್ಟೋ ಸಲ ಮಗು ಆಗದಿರುವುದೊಂದೇ ಲಕ್ಷಣ. ಕೆಲವರಿಗೆ ಮುಟ್ಟು ತೀರಾ ಕಡಿಮೆಯಾಗುತ್ತದೆ.

ಇಲ್ಲಿ ರೋಗನಿರೋಧಕ ಕಣಗಳೇ ನಮಗೆ ಸುಳಿವು ಕೊಡುತ್ತವೆ. ಟಿಬಿ ಕ್ರಿಮಿಯನ್ನು ಕೊಲ್ಲಲಾಗದೆ ಅವು ಅದರ ಸುತ್ತ ಗುಂಪುಕಟ್ಟಿ ಗೋಡೆ ಕಟ್ಟುತ್ತವೆ. ಬಯಾಪ್ಸಿಯಲ್ಲಿ ಆ ಗಂಟುಗಳು, ಅಂದರೆ ಗ್ರಾನ್ಯುಲೋಮಾ, ಕಾಣುತ್ತವೆ. ಕ್ರಿಮಿಯ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಒಂದೇ ಪಾಸಿಟಿವ್ ಅಂತ ಅವಸರ ಬೇಡ. ಬಯಾಪ್ಸಿ, ಕಲ್ಚರ್ (ಕ್ರಿಮಿ ಬೆಳೆಸಿ ನೋಡುವುದು), ಲ್ಯಾಪರೋಸ್ಕೋಪಿಯಲ್ಲಿ (ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡುವುದು) ಕಂಡದ್ದು ಎಲ್ಲ ಸೇರಿಸಿ ನೋಡಬೇಕು. ಖಚಿತವಾದರೆ ಆರು ತಿಂಗಳ ಚಿಕಿತ್ಸೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಇದನ್ನು ನೋಡದೆ ಇಮ್ಯೂನಿಟಿ ಅದುಮುವ ಸ್ಟೆರಾಯ್ಡ್ ಕೊಟ್ಟರೆ ಒಳಗೆ ಮಲಗಿದ್ದ ಟಿಬಿ ಏಳಬಹುದು. ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಡೋನರ್ ಎಗ್ (ಬೇರೆ ಹೆಂಗಸಿನ ಅಂಡಾಣು) ಆದರೆ ನನ್ನ ದೇಹ ಒಪ್ಪುತ್ತಾ? ಅದರಲ್ಲಿ ನನ್ನದೇನೂ ಇಲ್ಲವಲ್ಲ.

ಒಪ್ಪುತ್ತದೆ. ಪ್ರಪಂಚದಲ್ಲಿ ಸಾವಿರಾರು ಮಕ್ಕಳು ಹೀಗೆ ಹುಟ್ಟಿದ್ದಾರೆ. ಅರ್ಧ ಹೊರಗಿನದು ಅಂತ ಶುರುವಾದ ಪ್ರಶ್ನೆಗೆ ಪೂರ್ತಿ ಹೊರಗಿನ ಭ್ರೂಣವನ್ನೂ ಹೊತ್ತು ಹೆತ್ತ ಈ ತಾಯಂದಿರೇ ಉತ್ತರ. ಆದರೆ ಬಿಪಿ ಏರುವ ಅಪಾಯ ಇವರಲ್ಲಿ ಜಾಸ್ತಿ. ಪ್ರತಿ ಚೆಕಪ್‌ನಲ್ಲೂ ಬಿಪಿ ನೋಡಿಸಿ. ಕಡಿಮೆ ಡೋಸ್ ಆಸ್ಪಿರಿನ್ ಬೇಕಾ ಅಂತ ಮೊದಲೇ ಕೇಳಿ.

ಅತ್ತೆ ಅಮೃತಬಳ್ಳಿ ಕಷಾಯ ಕುಡಿ, ಇಮ್ಯೂನಿಟಿ ಬರುತ್ತೆ ಅಂತಾರೆ.

ಅವರ ಪ್ರೀತಿಗೆ ಬೇಡ ಅನ್ನುವುದು ಕಷ್ಟ, ಗೊತ್ತು. ಆದರೂ ಈ ತಿಂಗಳುಗಳಲ್ಲಿ ಬೇಡ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ತಗೊಂಡ ಕೆಲವರಿಗೆ ಲಿವರ್ ತೊಂದರೆಯಾದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದರಲ್ಲಿ ಆಟೊಇಮ್ಯೂನ್ ಥರದ ಲಿವರ್ ಉರಿಯೂತ ಕಂಡಿತ್ತು. ಅತ್ತೆಗೆ "ಡಾಕ್ಟರ್ ಸದ್ಯಕ್ಕೆ ಬೇಡ ಅಂದಿದ್ದಾರೆ" ಅನ್ನಿ. ಸೊಪ್ಪು, ಬೇಳೆ, ರಾಗಿ, ಮೊಟ್ಟೆ ಧಾರಾಳವಾಗಿ ತಿನ್ನಿ. ಫೋಲಿಕ್ ಆಸಿಡ್ ಬಿಡಬೇಡಿ.

ಚಿಕಿತ್ಸೆ ನಡೆಯುವಾಗ ಲಸಿಕೆ ಹಾಕಿಸಬಹುದಾ?

ಫ್ಲೂ, ಕೋವಿಡ್ ಲಸಿಕೆ ಹಾಕಿಸಬಹುದು. ರುಬೆಲ್ಲಾ ಲಸಿಕೆ ಜೀವಂತ ವೈರಸ್‌ನದು, ಅದನ್ನು ಟ್ರಾನ್ಸ್‌ಫರ್‌ಗೆ ಕನಿಷ್ಠ ಒಂದು ತಿಂಗಳು ಮುಂಚೆಯೇ ಮುಗಿಸಿ.

ಡಾಕ್ಟರ್ "ಇಮ್ಯೂನ್ ಪ್ಯಾಕೇಜ್" ಹೇಳಿದರೆ ಏನು ಕೇಳಲಿ?

ಜಗಳ ಬೇಡ. ಸಮಾಧಾನವಾಗಿ ಕೇಳಿ. ಈ ಔಷಧಿಯಿಂದ ಮಗು ಕೈಗೆ ಬಂದವರ ಸಂಖ್ಯೆ ಹೆಚ್ಚಿದೆಯಾ, ಬರೀ ಬೀಟಾ ಪಾಸಿಟಿವ್ ಹೆಚ್ಚಿದೆಯಾ? ನನ್ನಂಥವರ ಮೇಲೆ ಪ್ರಯೋಗ ಆಗಿದೆಯಾ? ಏನು ತೊಂದರೆ ಆಗಬಹುದು? ಇದಿಲ್ಲದೆ ಟ್ರಾನ್ಸ್‌ಫರ್ ಮಾಡಿದರೆ ಏನು ವ್ಯತ್ಯಾಸ? ಖರ್ಚನ್ನು ಬೇರೆಯಾಗಿ ಬರೆದು ಕೊಡಿ ಅನ್ನಿ. ನಮ್ಮ ದೇಶದ 2021ರ ಎಆರ್‌ಟಿ (ಐವಿಎಫ್‌ನಂಥ ಚಿಕಿತ್ಸೆಗಳ) ಕಾಯ್ದೆ ಪ್ರಕಾರ ಕ್ಲಿನಿಕ್ ನೋಂದಣಿ ಆಗಿರಬೇಕು, ಚಿಕಿತ್ಸೆಗೆ ನಿಮ್ಮ ಲಿಖಿತ ಒಪ್ಪಿಗೆ ಬೇಕು. ಸಹಿ ಹಾಕುವ ಮುಂಚೆ ಆ ಕಾಗದವನ್ನು ಮನೆಗೆ ತಂದು ಓದಿ. ಒಳ್ಳೆಯ ಡಾಕ್ಟರ್ ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ. ಮೂರನೇ ಸಲ ನನಗೆ ಸಿಕ್ಕವರು ಅಂಥವರು. ಡ್ರಿಪ್ ಬೇಡ, ಸ್ಟೆರಾಯ್ಡ್ ಬೇಡ, ಥೈರಾಯ್ಡ್ ಸರಿ ಮಾಡೋಣ ಅಂದರು.

ಹೆರಿಗೆ ಆದ ಮೇಲೆ ಈ ಕಣಗಳು ಏನಾಗುತ್ತವೆ?

ಗರ್ಭಕೋಶದ ಎನ್‌ಕೆ ಕಣಗಳು ದಿನ ತುಂಬುವ ಹೊತ್ತಿಗೆ ಕಡಿಮೆಯಾಗಿರುತ್ತವೆ. ಮಗುವಿನ ಕೆಲವು ಕಣಗಳು ಮಾತ್ರ ಅಮ್ಮನ ರಕ್ತದಲ್ಲೇ ಉಳಿದುಬಿಡುತ್ತವೆ. ಹೆರಿಗೆಯಾಗಿ 27 ವರ್ಷದ ನಂತರವೂ ಗಂಡು ಮಗುವಿನ ಕಣ ತಾಯಿಯ ರಕ್ತದಲ್ಲಿ ಸಿಕ್ಕಿದೆ ಎಂದು 1996ರಲ್ಲಿ ಅಮೆರಿಕದಲ್ಲಿ ವರದಿಯಾಯಿತು.

ಬಸುರಿನಲ್ಲಿ ತಣ್ಣಗಿದ್ದ ಆಟೊಇಮ್ಯೂನ್ ಕಾಯಿಲೆಗಳು ಹೆರಿಗೆ ನಂತರ ಮತ್ತೆ ತಲೆಯೆತ್ತಬಹುದು. ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲು ಕಾಯಿಲೆ ಇರುವವರಿಗೆ ಈ ಅನುಭವ ಇರುತ್ತದೆ. ಟಿಪಿಒ ಪಾಸಿಟಿವ್ ಇದ್ದವರಿಗೆ ಬಾಣಂತನದಲ್ಲಿ ಥೈರಾಯ್ಡ್ ಏರುಪೇರಾಗುವ ಸಾಧ್ಯತೆ ಬಹಳ. ಎದೆ ಬಡಿತ, ಸುಸ್ತು, ಕೂದಲು ಉದುರುವುದು, ಸುಮ್ಮಸುಮ್ಮನೆ ಅಳು. ಮನೆಯವರು "ಬಾಣಂತಿಗೆ ಇದೆಲ್ಲ ಇದ್ದದ್ದೇ" ಅನ್ನುತ್ತಾರೆ. ನನಗೂ ಹಾಗೇ ಅಂದರು. ಮೂರನೇ ತಿಂಗಳು ಒಮ್ಮೆ, ಆರನೇ ತಿಂಗಳು ಒಮ್ಮೆ ಟಿಎಸ್‌ಎಚ್ ಮಾಡಿಸಿ.